ಹುಳಿಯುತ್ತಿರುವ ಫಿಲಂ ಮತ್ತು ಪುಷ್ಪಾವತಿಯ ಮೂಗು

ಬೆಳಗ್ಗೆ ಆರಕ್ಕೆ ಕಟಪಾಡಿ ಜಂಕ್ಷನ್ನಿನಲ್ಲಿ ಆಟೋದವರು ಇನ್ನೂ ಸೀಟು ಒರೆಸುತ್ತಿರುತ್ತಾರೆ. ಲಿಯೋನೆಲ್ ಅವರ ಸ್ಟುಡಿಯೋದ ಶಟರ್ ಆಗಲೇ ಅರ್ಧ ಮೇಲೆದ್ದಿದೆ. ಒಳಗೆ ಚಾಪೆಯ ಮೇಲೆ ಕುಳಿತ ಪುಷ್ಪಾವತಿ ಬಿಸ್ಕಿಟಿನ ಹಳೆಯ ತಗಡಿನ ಡಬ್ಬಿಯೊಂದನ್ನು ತೆರೆದು, ಮೂಗಿನ ಹತ್ತಿರ ಹಿಡಿದು, ಒಮ್ಮೆ ಉಸಿರೆಳೆಯುತ್ತಾರೆ. ತಕ್ಷಣ ತಲೆ ಹಿಂದಕ್ಕೆ. “ಇದು ಹೊರಟಿತು,” ಎಂದು ಡಬ್ಬಿಯನ್ನು ಎಡಕ್ಕೆ ತಳ್ಳಿ ಮುಂದಿನದಕ್ಕೆ ಕೈಹಾಕುತ್ತಾರೆ. ಬಸ್ಸುಗಳು ಹೆದ್ದಾರಿಯ ಧೂಳೆಬ್ಬಿಸುವ ಮೊದಲು ಈ ಕೆಲಸ ಮುಗಿಯಬೇಕು.

ಡಬ್ಬಿಗಳಲ್ಲಿ ಇರುವುದು ಫೋಟೋ ನೆಗೆಟಿವ್‌ಗಳು. ಕರಾವಳಿಯ ಸೆಕೆ, ತೇವ ಕುಡಿದು ಕುಡಿದು ಹಳೆಯ ಫಿಲಂ ಹುಳಿಯುತ್ತದೆ. ಮೊದಲು ವಿನೆಗರ್ ವಾಸನೆ, ಆಮೇಲೆ ಸುರುಳಿ ಸುತ್ತಿಕೊಳ್ಳುತ್ತದೆ, ಕೊನೆಗೆ ಮೇಲಿನ ಪದರವೇ ಕಿತ್ತುಬರುತ್ತದೆ. ಅದರೊಂದಿಗೆ ಮುಖಗಳೂ ಹೋದಂತೆ. ಇನ್ನೂರು ಡಬ್ಬಿಗಳಲ್ಲಿ ಮೂವತ್ತೊಂದು ಈಗಾಗಲೇ ಎಡಬದಿಗೆ ಸೇರಿವೆ. ಇನ್ನೊಂದು ಮಳೆಗಾಲದ ತೇವವನ್ನು ಅವು ತಡೆಯುವುದಿಲ್ಲ. ಮಳೆಗೆ ಉಳಿದಿರುವುದು ನಾಲ್ಕೇ ವಾರ.

ಪುಷ್ಪಾವತಿಗೆ ಐವತ್ತೆಂಟು. ಉಚ್ಚಿಲದ ಮೀನುಗಾರರ ಮನೆಯವರು. ಅಮ್ಮನ ಜೊತೆ ಒಂದು ವರ್ಷ ಬುಟ್ಟಿ ಹೊತ್ತು, ತಾಜಾ ಹೌದೋ ಎಂದು ಮೂಸಿ ನೋಡಿ ಮೀನು ಮಾರಿ, ಕತ್ತು ನೋವು ತಾಳಲಾರದೆ ಹತ್ತೊಂಬತ್ತನೆಯ ವಯಸ್ಸಿಗೆ ಈ ಸ್ಟುಡಿಯೋಕ್ಕೆ ಕಸ ಗುಡಿಸಲು ಬಂದವರು. “ಬುಟ್ಟಿ ಬಿಟ್ಟಳು, ಮೂಗು ಮಾತ್ರ ಬಿಡಲಿಲ್ಲ ಮಾರಾಯ್ರೆ,” ಎಂದು ಎಂಬತ್ತರ ಹೊಸ್ತಿಲಲ್ಲಿರುವ ಮಾಲೀಕ ಲಿಯೋನೆಲ್ ಆರಾಮಕುರ್ಚಿಯಿಂದಲೇ ಕೆಣಕುತ್ತಾರೆ. ಅವರ ಕಣ್ಣು ಮಂಜಾಗಿ ಮೂರು ವರ್ಷವಾಯಿತು.

“ನಿಮ್ಮ ಮೂಗಿಗೆ ನಶ್ಯದ ವಾಸನೆ ಬಿಟ್ಟರೆ ಎಂತ ಗೊತ್ತುಂಟು ಪೊರ್ಬುಗಳೇ?” ಎನ್ನುತ್ತಾರೆ ಪುಷ್ಪಾವತಿ, ತಲೆ ಎತ್ತದೆ. ಇಲ್ಲಿನ ತುಳುವರು ಕ್ರೈಸ್ತರನ್ನು ಗೌರವದಿಂದ ಕರೆಯುವುದು ಪೊರ್ಬುಗಳೆಂದೇ.

ಅವರ ಕೈ ನಡುಗುವುದಿಲ್ಲವೆಂದು ಕಂಡ ಲಿಯೋನೆಲ್ ಆ ಕಾಲದಲ್ಲೇ ಪೊರಕೆ ಬಿಡಿಸಿ ಪೆನ್ಸಿಲ್ ಕೊಟ್ಟರು. ಸೂಜಿಯಂತೆ ಮೊನೆ ಮಾಡಿದ ಪೆನ್ಸಿಲಿನಿಂದ ನೆಗೆಟಿವ್ ಮೇಲೆಯೇ ತಿದ್ದುವ ಕೆಲಸ. ಮೊಡವೆ, ಸುಕ್ಕು, ಕಪ್ಪುಕಲೆ ಎಲ್ಲ ಅದರಲ್ಲಿ ಮುಚ್ಚಿಹೋಗುತ್ತಿದ್ದವು. ಹುಡುಗಿ ನೋಡುವವರಿಗೆ ಕಳಿಸುವ ಫೋಟೋಗಳಂತೂ ಅವರ ಕೈ ದಾಟದೆ ಹೊರಗೆ ಹೋಗುತ್ತಿರಲಿಲ್ಲ.

ಈಗ ಫಿಲಂ ಹಾಳಾಗುವ ಮೊದಲು ಮುಖಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಸ್ಕ್ಯಾನರ್ ಆರಿಸುವ ಕೆಲಸ ಅದೇ ಕೈಗೆ ಬಿದ್ದಿದೆ. ಕಾರ್ಕಳದ ಫೋಟೋಗ್ರಾಫರ್ ಒಬ್ಬರು, ಕೆಳಗೆ ಲೈಟ್ ಇಟ್ಟು ಕ್ಯಾಮರಾದಲ್ಲೇ ಹೊಡೆಯಿರಿ ಎಂದರು. ಮುದುಡಿದ ಫಿಲಂ ಸಮತಟ್ಟಾಗಿ ಕೂರದೆ ಅರ್ಧ ಮುಖ ಸ್ಪಷ್ಟ, ಅರ್ಧ ಮಸುಕು. ಕೊನೆಗೆ ಮಣಿಪಾಲದ ಅಂಗಡಿಯೊಂದು ಎರಡು ಸ್ಕ್ಯಾನರ್‌ಗಳನ್ನು ವಾರದ ಮಟ್ಟಿಗೆ ಕೊಟ್ಟಿದೆ. ಸೋಮವಾರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂತಿರುಗಿಸಬೇಕು.

ಮೊದಲನೆಯದು ಫಿಲಂ ಪಟ್ಟಿಯನ್ನು ಬಾಯಿಯೊಳಗೆ ಎಳೆದುಕೊಂಡು ಚಕಚಕನೆ ಓದುತ್ತದೆ. ದಿನಕ್ಕೆ ಎರಡು ಡಬ್ಬಿ. ಎರಡನೆಯದು ಜೆರಾಕ್ಸ್ ಯಂತ್ರದ ಹಾಗೆ. ಗಾಜಿನ ಮೇಲೆ ಮಲಗಿಸಿ ಮುಚ್ಚಿ ಕಾಯಬೇಕು. ಎರಡು ದಿನಕ್ಕೆ ಒಂದು ಡಬ್ಬಿ. ಲೆಕ್ಕ ಹಾಕಿದವರೆಲ್ಲ ಮೊದಲನೆಯದಕ್ಕೇ ಬೆರಳು ತೋರಿಸುತ್ತಾರೆ. ಪುಷ್ಪಾವತಿ ಮಾತ್ರ ಕುಳಿತಲ್ಲಿ ಕೂರುವುದಿಲ್ಲ. ಈ ಯಂತ್ರದಿಂದ ಆ ಯಂತ್ರಕ್ಕೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಮೋಡ ನೋಡಲು ಅಂಗಳಕ್ಕೆ.

ಶನಿವಾರ ಕಾಪುವಿನಿಂದ ಹರಿಣಾಕ್ಷಿ ಬರುತ್ತಾರೆ. ತೀರಿಕೊಂಡ ಅಮ್ಮನ ಮದುವೆಗೆ ಮುಂಚಿನ ಕಪ್ಪುಬಿಳುಪು ಫೋಟೋದ ನೆಗೆಟಿವ್ ಇಲ್ಲಿದೆ. ಚುರುಕು ಯಂತ್ರದಲ್ಲಿ ಓದಿಸಿದ ಚಿತ್ರವನ್ನು ಪರದೆಯಲ್ಲಿ ಕಂಡು ಅವರು ಹುಬ್ಬು ಗಂಟಿಕ್ಕುತ್ತಾರೆ. “ಇದು ಯಾರು ಅಕ್ಕ? ಅಮ್ಮನ ಮೂಗುಬೊಟ್ಟು ಎಲ್ಲುಂಟು?” ಕೆನ್ನೆ ಸುಣ್ಣ ಬಳಿದ ಗೋಡೆಯಂತೆ ನುಣ್ಣಗಾಗಿದೆ.

ಮಣಿಪಾಲದ ಅಂಗಡಿಯ ಚೈತನ್ಯಾಗೆ ಫೋನು ಹೋಗುತ್ತದೆ. “ಪುಷ್ಪಕ್ಕ, ಸಾಫ್ಟ್‌ವೇರ್‌ನಲ್ಲಿ ಧೂಳು ತೆಗೆಯುವ ಆಯ್ಕೆ ಒತ್ತಿದ್ರಾ? ಅದು ಕಲರ್ ಫಿಲಂಗೆ ಮಾತ್ರ. ಕಪ್ಪುಬಿಳುಪಿನ ಫಿಲಂನಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಿ ಅಲ್ವಾ, ಅದನ್ನೂ ಧೂಳು ಅಂತಲೇ ತಿಳಿದು ಒರೆಸ್ತದೆ.”

ಆಯ್ಕೆ ತೆಗೆದರೆ ಮೂಗುಬೊಟ್ಟು ಮರಳಿ ಬರುತ್ತದೆ. ಹರಿಣಾಕ್ಷಿ ಇನ್ನೂ ಕದಲುವುದಿಲ್ಲ. “ಹಣೆಯಲ್ಲಿ ಒಂದು ಕಪ್ಪು ಗಾಯದ ಗುರುತಿತ್ತು. ಬೆರಳಿಟ್ಟು ಆಡಿಕೊಂಡೇ ನಾನು ನಿದ್ದೆ ಮಾಡುತ್ತಿದ್ದದ್ದು. ಅದನ್ನೂ ಯಂತ್ರ ತಿಂದಿತಾ?”

ಪುಷ್ಪಾವತಿ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಹಣೆಯ ಜಾಗದಲ್ಲಿ ಸಣ್ಣ ಸಣ್ಣ ಪೆನ್ಸಿಲ್ ಗೀರುಗಳು. “ಯಂತ್ರ ಅಲ್ಲ ಹರಿಣಾಕ್ಷಿ,” ಎನ್ನುತ್ತಾರೆ. “ಇದು ನಾನೇ. ನಿಮ್ಮ ಅಜ್ಜಿ ಹೇಳಿದ್ದರು, ಹುಡುಗನ ಕಡೆಯವರಿಗೆ ಕಾಣದ ಹಾಗೆ ಮಾಡು ಅಂತ. ಇಷ್ಟು ಹೊತ್ತು ಯಂತ್ರವನ್ನು ದೂರಿದೆವು, ಮೊದಲು ಒರೆಸಿದವಳು ನಾನು.”

ಪೆನ್ಸಿಲನ್ನು ಟರ್ಪೆಂಟೈನ್ ಹಾಕಿ ತೆಗೆಯಬಹುದು. ಗಟ್ಟಿ ಫಿಲಂ ಆದರೆ ಭಯವಿಲ್ಲ. ಇದು ಹುಳಿ ಹಿಡಿದದ್ದು, ಪದರವೇ ಎದ್ದುಬಂದೀತು. ಎಳೆದುಕೊಳ್ಳುವ ಯಂತ್ರದ ಬಾಯಿಗೆ ಇದನ್ನು ಮತ್ತೆ ಕೊಡಲು ಅವರಿಗೆ ಮನಸ್ಸಾಗುವುದಿಲ್ಲ. ಹಿಂದಿನ ದಿನ ಪರೀಕ್ಷೆಗೆಂದು ಹಾಕಿದ ಬೇಡದ ಪಟ್ಟಿಯೊಂದು ಒಳಗೇ ಮಡಚಿ ಸೀಳಿತ್ತು. ಗಾಜಿನ ಮೇಲೆ ಮಲಗಿಸಿ ಇದ್ದಂತೆಯೇ ಒಮ್ಮೆ ಚಿತ್ರ ತೆಗೆದಿಟ್ಟುಕೊಳ್ಳುತ್ತಾರೆ. ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ, ಟರ್ಪೆಂಟೈನಿನಲ್ಲಿ ಅದ್ದಿ, ಹಣೆಯನ್ನಷ್ಟೇ ಸವರುತ್ತಾರೆ. ಮತ್ತೆ ಗಾಜು, ಮತ್ತೆ ಮುಚ್ಚಳ, ಮೂರು ನಿಮಿಷ.

ಪರದೆಯಲ್ಲಿ ಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಕಪ್ಪು ಗುರುತು ಮೂಡುತ್ತದೆ. ಹರಿಣಾಕ್ಷಿ ಅದರ ಮೇಲೆ ಬೆರಳಿಡುತ್ತಾರೆ.

ಸೋಮವಾರ ಚೈತನ್ಯಾ ಬಂದಾಗ ಚುರುಕು ಯಂತ್ರ ಪೆಟ್ಟಿಗೆಯೊಳಗೆ ಸಿದ್ಧವಾಗಿದೆ. “ಆಲೋಚನೆ ಮಾಡಿದ್ರಾ ಪುಷ್ಪಕ್ಕ? ನಿಧಾನದ್ದರಲ್ಲಿ ಮಳೆಯೊಳಗೆ ಹದಿನಾಲ್ಕು ಡಬ್ಬಿಯಷ್ಟೇ ಆಗುದು. ಉಳಿದ ಹದಿನೇಳು?”

“ಅದನ್ನೇ ಆಲೋಚನೆ ಮಾಡಿ ಮಾಡಿ ಊಟ ಸೇರುದಿಲ್ಲ ನನಗೆ,” ಎನ್ನುತ್ತಾರೆ ಪುಷ್ಪಾವತಿ, ಮುಂದಿನ ಪಟ್ಟಿಯನ್ನು ಗಾಜಿನ ಮೇಲೆ ಮಲಗಿಸುತ್ತಾ. “ಆದರೆ ಮುಖ ಹರಿದು ಬೇಗ ಮುಗಿಸಿ ಎಂತ ಮಾಡುದು? ಮಳೆ ಹದಿನೈದು ದಿನ ತಡವಾದರೆ ಇನ್ನೂ ಏಳು ಡಬ್ಬಿ ಸಿಗ್ತದೆ. ಉಚ್ಚಿಲದ ದೇವಸ್ಥಾನಕ್ಕೆ ಹೋಗಿ ಮಹಾಲಕ್ಷ್ಮಿಗೆ ಹೇಳಿ ಬಂದಿದ್ದೇನೆ. ನಮ್ಮ ನಾಡದೋಣಿಯವರೆಲ್ಲ ಮಳೆ ಬಂದರೇ ಮೀನು ಅಂತ ಕಾಯುವವರು, ನಾನು ಹೀಗೆ ಕೇಳಿದ್ದು ಅವರಿಗೆ ಹೇಳಬೇಡ ಮಾರಾಯ್ತಿ.”