ಕೊರಳಪ್ಪನ ಸರೋವರದಲ್ಲಿ ದೋಣಿ ನಡೆಸುವವನು

ಆ ಸರೋವರದಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಮೋಟಾರು ದೋಣಿಯನ್ನು ನಡೆಸುತ್ತಿದ್ದವನಿಗೆ, ತನ್ನ ಅಣ್ಣ ಸತ್ತ ಕಥೆಯನ್ನು ಇನ್ನೊಬ್ಬನ ಬಾಯಲ್ಲಿ ದಿನವೂ ಕೇಳುವುದು ಕೆಲಸದ ಒಂದು ಭಾಗವೇ ಆಗಿಹೋಗಿತ್ತು. ದೋಣಿ ನಡುನೀರಿಗೆ ಬಂದೊಡನೆ ಅವನು ಎಂಜಿನ್ ನಿಲ್ಲಿಸಬೇಕು. ಆಗ ಮುಂದುಗಡೆ ನಿಂತ ಗೈಡು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವನನ್ನು ಊರೆಲ್ಲ ಕರೆಯುವುದು ಮೈಕಣ್ಣ ಎಂದೇ. ಮೈಕು ಕೈಯಲ್ಲಿಲ್ಲದಿದ್ದರೆ ಹೆಂಡತಿಯ ಹತ್ತಿರವೂ ಮಾತು ಹೊರಡುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು.

"ಇದೇ ಜಾಗ ನೋಡಿ. ಕಟ್ಟುಮಸ್ತಾದ ಹುಡುಗ, ಬಲೆ ಎತ್ತೋಕೆ ಬಂದಿದ್ದ. ಇದ್ದಕ್ಕಿದ್ದ ಹಾಗೆ ನೀರು ಬಾಯಿ ಬಿಡ್ತು, ಕರ್ರಗಿನ ಬೆನ್ನು ಮೇಲೆ ಬಂತು. ಮತ್ತೆ ನೋಡಿದ್ರೆ ಹುಡುಗನೂ ಇಲ್ಲ, ದೋಣಿನೂ ಇಲ್ಲ!"

ಅಂಚಿನಲ್ಲಿ ಕೂತವರು ನೀರಿಗೆ ಬಿಟ್ಟಿದ್ದ ಕೈಯನ್ನು ಥಟ್ಟನೆ ಎಳೆದುಕೊಳ್ಳುತ್ತಿದ್ದರು. ಆ ಹುಡುಗನ ಒಡಹುಟ್ಟಿದವನೇ ನಿಮ್ಮ ಬೆನ್ನ ಹಿಂದೆ ಚುಕ್ಕಾಣಿ ಹಿಡಿದು ಕೂತಿದ್ದಾನೆ ಎಂದು ಮೈಕಣ್ಣ ಯಾವತ್ತೂ ಹೇಳಿದವನಲ್ಲ. ಅಷ್ಟರ ಮಟ್ಟಿಗೆ ಅವನು ದೊಡ್ಡ ಮನುಷ್ಯ.

ನಡೆದದ್ದನ್ನು ಕಣ್ಣಾರೆ ಕಂಡವನು ದೋಣಿಯವನೇ. ಆಗಿನ್ನೂ ಅವನಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ದಡದಲ್ಲಿ ಹರಿದ ಬಲೆಗೆ ಗಂಟು ಹಾಕುತ್ತ ಕೂತಿದ್ದ. ಮಧ್ಯಾಹ್ನದ ಹೊತ್ತು ಬೆಟ್ಟದ ಸಂದಿಯಿಂದ ಗಾಳಿ ಒಮ್ಮೆಲೇ ನುಗ್ಗಿತು. ಅಣ್ಣ ಬಲೆ ಎಳೆಯಲು ಒಂದೇ ಮಗ್ಗುಲಿಗೆ ಬಾಗಿದ್ದ. ದೋಣಿ ಮಗುಚಿತು, ಅದರ ಟಾರು ಬಳಿದ ತಳ ಒಂದು ಗಳಿಗೆ ಹೊಳೆದು ಮುಳುಗಿತು. ಅಷ್ಟೇ ನಡೆದದ್ದು. ಆದರೆ ಆಚೆ ದಡದಲ್ಲಿದ್ದ ಒಬ್ಬರು ಕಪ್ಪು ಬೆನ್ನೊಂದನ್ನು ಕಂಡೆ ಎಂದರು. ಹೆಣವೂ ಸಿಗಲಿಲ್ಲ. ದಡದಲ್ಲಿದ್ದ ತಮ್ಮನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಪಾಪ, ಹೆದರಿ ಏನೇನೋ ಬಡಬಡಿಸುತ್ತಾನೆ ಎಂದುಕೊಂಡರು.

ಉದ್ದ ಕೊರಳಿನ ಒಂದು ಜೀವಿ ಆ ನೀರಿನಲ್ಲಿದೆ ಎಂಬ ಮಾತು ಅಜ್ಜಿಯರ ಕಾಲದಿಂದಲೂ ಇತ್ತು. ಮಕ್ಕಳು ನೀರಿಗಿಳಿಯದಿರಲಿ ಎಂದು ಹುಟ್ಟಿಸಿದ ಮಾತಿರಬೇಕು. ಅಣ್ಣ ಹೋದ ಮೇಲೆ ಅದಕ್ಕೆ ಕೊರಳಪ್ಪ ಎಂಬ ಹೆಸರು ಬಿತ್ತು. ಅದನ್ನು ನೋಡಲು ಜನ ಬರತೊಡಗಿದರು, ವಸತಿಗೃಹಗಳು ಎದ್ದವು. ಟಿಕೆಟ್ ಕೊಡುವ ಕಟ್ಟಡದ ಒಂದು ಕೋಣೆಯಲ್ಲಿ ಲೋಕದ ಕಥೆಗಳಲ್ಲಿ ಬರುವ ನೀರುಜೀವಿಗಳ ಚಿತ್ರಗಳೆಲ್ಲ ಗೋಡೆ ತುಂಬಿದವು. ಮಕ್ಕಳನ್ನು ಬೆನ್ನಿಗೇರಿಸಿಕೊಂಡು ನೀರಿಗೆ ಜಿಗಿಯುವ ಕುದುರೆ, ನೆತ್ತಿಯ ಮೇಲೆ ಬಟ್ಟಲಿನಷ್ಟು ನೀರು ಹೊತ್ತು ನಡೆಯುವ ಕಪ್ಪೆಮುಖದ ಕುಳ್ಳ, ದ್ವೀಪವೆಂದು ಇಳಿದವರನ್ನು ಹೊತ್ತು ಮುಳುಗುವ ಮೀನು, ಹಾಡಿ ಹಾಡಿ ನಾವಿಕರನ್ನು ಬಂಡೆಗೆ ಬಡಿಸುವ ಹೆಂಗಸರು. ಎಲ್ಲರ ನಡುವೆ ಕೊರಳಪ್ಪ, ಮದುವೆಮನೆಯ ಯಜಮಾನನ ಹಾಗೆ.

ದೋಣಿಯವನ ಅಮ್ಮ ಆ ಕೋಣೆಗೆ ಆಗಾಗ ಹೋಗಿ ಬರುತ್ತಿದ್ದಳು. ಆಕೆಗೆ ಎಲ್ಲಕ್ಕಿಂತ ಹಿಡಿಸಿದ್ದು, ನೀರಿನಡಿಯ ಅರಮನೆಯಲ್ಲಿ ಮನುಷ್ಯರನ್ನು ಸಾಕಿಕೊಳ್ಳುವ ಒಂದು ಘಟಸರ್ಪದ ಚಿತ್ರ.

"ನೋಡೋ ಚಿಕ್ಕೋನೆ," ಎನ್ನುತ್ತಿದ್ದಳು, "ಎಲ್ಲಾವೂ ತಿಂದೇಹಾಕಲ್ಲ. ಕೆಲವು ಇಟ್ಕೋತವೆ."

ಅವನು ಹೂಂ ಎನ್ನುತ್ತಲೂ ಇರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ.

ಹೀಗಿರುವಾಗ ಹೊರಗಿನಿಂದ ಒಂದು ತಂಡ ಬಂತು. ನೀರಿನೊಳಕ್ಕೆ ಶಬ್ದ ಬಿಟ್ಟು ತಳದ ಚಿತ್ರ ತೆಗೆಯುವ ಯಂತ್ರ ಅವರ ಹತ್ತಿರವಿತ್ತು. ಕೊರಳಪ್ಪ ಇದ್ದಾನೋ ಇಲ್ಲವೋ ಒಂದು ಇತ್ಯರ್ಥ ಮಾಡುತ್ತೇವೆ ಎಂದರು. ನೀರಿನ ಆಳ ಅಗಲ ಬಲ್ಲವನೆಂದು ದೋಣಿಯವನನ್ನೇ ಗೊತ್ತುಮಾಡಿದರು. ಅವರು ನೀರಿಗಿಳಿದ ದಿನದಿಂದ ಅಮ್ಮ ಕೊಡೆ ಹಿಡಿದು ದಡದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಊಟಕ್ಕೆ ಕರೆದರೂ ಏಳಲಿಲ್ಲ.

ನಡುನೀರಿನಲ್ಲಿ ಯಂತ್ರದ ಪರದೆಯ ಮೇಲೆ ಉದ್ದನೆಯ ನೆರಳೊಂದು ಮೂಡಿತು. ತಂಡದವರು ಕೂತಲ್ಲಿಂದ ಎದ್ದುಬಿಟ್ಟರು. ತಂಡದ ಮುಖ್ಯಸ್ಥೆ ಬಗ್ಗಿ ನೋಡಿದಳು, ಗುಂಡಿ ಒತ್ತಿ ದೊಡ್ಡದು ಮಾಡಿದಳು, ಆಮೇಲೆ ಭುಜ ಕುಣಿಸಿದಳು.

"ಛೇ, ಹಳೇ ದೋಣಿ ಅಷ್ಟೇ."

ದೋಣಿಯವನು ಚುಕ್ಕಾಣಿ ಬಿಟ್ಟು ಪರದೆಯ ಹತ್ತಿರ ಬಂದ. ಮುರಿದ ಮೂತಿಗೆ ಅಡ್ಡಲಾಗಿ ಹೊಡೆದ ಹಲಗೆ ಕಾಣುತ್ತಿತ್ತು. ಆ ಹಲಗೆಯನ್ನು ಅಣ್ಣ ಹೊಡೆಯುವಾಗ ಇನ್ನೊಂದು ತುದಿ ಹಿಡಿದಿದ್ದವನು ಅವನೇ.

"ಮೇಡಂ, ಅದು ನಮ್ಮದು. ನಮ್ಮಣ್ಣ ಅದರಲ್ಲೇ ಹೋಗಿದ್ದು. ಮೇಲೆ ಎತ್ತಿಸಿ ಕೊಡ್ತೀರಾ?"

ಆಕೆ ಅವನ ಮುಖ ನೋಡಿ ಮೆತ್ತಗಾದಳು. "ನಮ್ಮ ಹತ್ರ ಎತ್ತೋ ಸಾಮಾನಿಲ್ಲಪ್ಪ. ತುಂಬಾ ಆಳ ಇದೆ. ಸರ್ಕಾರದೋರನ್ನ ಕೇಳಿ."

ಅವನು ಕೇಳಿದ. ಜಲಸಾರಿಗೆಯವರು ಪೊಲೀಸರತ್ತ ಕೈ ತೋರಿಸಿದರು. ಪೊಲೀಸರು ಮುಗಿದುಹೋದ ವಿಷಯ ಎಂದರು. ಪ್ರವಾಸಿ ಸಮಿತಿಯ ಅಧ್ಯಕ್ಷರು ಮಾತ್ರ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಹೆಗಲ ಮೇಲೆ ಕೈಯಿಟ್ಟರು. "ನಿನ್ನ ಸಂಕಟ ಅರ್ಥ ಆಗುತ್ತಯ್ಯ. ಆದ್ರೆ ಅದು ಬರೀ ದೋಣಿ ಅಂತ ಹೊರಗೆ ಬಂದ್ರೆ ಇಡೀ ಊರೇನು ಮಾಡಬೇಕು? ನೀನೇ ಹೇಳು." ಅವನು ಕಾಫಿ ಕುಡಿದು ಎದ್ದುಬಂದ.

ಜೀವಿಯ ಗುರುತೇನೂ ಸಿಗಲಿಲ್ಲ, ಆದರೆ ಇಲ್ಲವೆಂದೂ ಹೇಳಲಾಗದು ಎಂದು ವರದಿ ಕೊಟ್ಟು ತಂಡ ಹೊರಟುಹೋಯಿತು. ಜನ ಇನ್ನೂ ಹೆಚ್ಚು ಬಂದರು.

ಅಮ್ಮನಿಗಾದರೂ ನಿಜ ಹೇಳಿಬಿಡಬೇಕು ಎಂದು ಅವನು ಮನಸ್ಸು ಗಟ್ಟಿಮಾಡಿಕೊಂಡ. ಅಡುಗೆಮನೆಯಲ್ಲಿ ಆಕೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು, ಅವಸರ ಮಾಡದೆ, ಗಾಳಿ ಬಂದದ್ದು, ದೋಣಿ ಮಗುಚಿದ್ದು, ಪರದೆಯ ಮೇಲೆ ಕಂಡ ಹಲಗೆ, ಎಲ್ಲವನ್ನೂ ಹೇಳಿದ.

ಅಮ್ಮನ ಕೈ ನಿಂತಿತು. "ದೋಣಿ ಅಲ್ಲೇ ಇದೆಯಾ?"

"ಇದೆ ಅಮ್ಮ."

"ಒಳಗೆ ಅವನಿದ್ನಾ?"

"ಇಷ್ಟು ವರ್ಷ ಆದಮೇಲೆ ಹೇಗಮ್ಮ..."

"ಇರಲಿಲ್ಲ ತಾನೇ?" ಆಕೆಯ ಮುಖ ಅರಳಿತು. "ನಾನು ಹೇಳ್ಲಿಲ್ವಾ? ದೋಣಿ ಕಟ್ಕೊಂಡು ಅದೇನು ಮಾಡುತ್ತೆ? ಅದನ್ನ ಬಿಟ್ಟು ಹುಡುಗನ್ನ ಕರ್ಕೊಂಡು ಹೋಗಿದೆ."

ಅಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು, ಎಷ್ಟೋ ಕಾಲದ ಮೇಲೆ ಸಣ್ಣಗೆ ಗುನುಗುತ್ತ.

ಮಾರನೆಯ ವಾರ ಆಕೆ ತನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋಗು ಎಂದಳು. ಅಷ್ಟು ವರ್ಷಗಳಲ್ಲಿ ದೋಣಿಗೆ ಕಾಲಿಟ್ಟವಳಲ್ಲ. ಟಿಕೆಟ್ ಕಿಟಕಿ ತೆರೆಯುವ ಮುಂಚೆ, ಬೆಳಗಿನ ಬಿಸಿಲಿನಲ್ಲಿ, ಅವನು ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕರೆದೊಯ್ದ. ಎಂಜಿನ್ ನಿಂತಿತು. ಅಮ್ಮ ಅಂಚಿಗೆ ಬಗ್ಗಿ, ಪಕ್ಕದ ಮನೆಯವಳ ಹತ್ತಿರ ಮಾತಾಡುವ ಹಾಗೆ ನೀರಿನೊಂದಿಗೆ ಮಾತಿಗಿಳಿದಳು.

"ಅವನಿಗೆ ಚಳಿ ತಡೆಯಲ್ಲ. ಮೊದಲಿಂದಲೂ ಹಾಗೇ. ಬೆಚ್ಚಗೆ ಇಟ್ಕೋ. ಸಿಟ್ಟು ಜಾಸ್ತಿ, ಎದುರು ಮಾತಾಡ್ತಾನೆ, ಮನಸ್ಸಿಗೆ ಹಚ್ಕೋಬೇಡ. ಕಳಿಸೋ ಮನಸ್ಸಾದ್ರೆ ಕಳಿಸು. ಇಲ್ಲಾಂದ್ರೂ ಪರವಾಗಿಲ್ಲ, ಚೆನ್ನಾಗಿ ನೋಡ್ಕೋ."

ಆಮೇಲೆ ಮಗನ ಕಡೆ ತಿರುಗಿದಳು. "ನೀನೂ ಒಂದು ಮಾತು ಹೇಳೋ. ಕಿವಿ ಕೇಳುತ್ತೆ ಅದಕ್ಕೆ."

ಅವನು ಕೆಳಗೆ ನೋಡಿದ. ಆ ನೀರಿನಡಿಯಲ್ಲಿ ಏನಿದೆ ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೆ. ಅಮ್ಮ ಕಾಯುತ್ತಿದ್ದಳು.

"ಅಣ್ಣನ್ನ ಚೆನ್ನಾಗಿ ನೋಡ್ಕೊಳಪ್ಪ," ಎಂದ.

"ಹಾಂ, ಹಾಗೆ," ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಡಿ, ನಿನಗೆ ಕೆಲಸಕ್ಕೆ ಹೊತ್ತಾಯ್ತು."

ದಡದಲ್ಲಿ ಆಗಲೇ ಜನ ಸಾಲುಗಟ್ಟಿದ್ದರು. ಅವನು ಅಮ್ಮನ ಮೊಣಕೈ ಹಿಡಿದು ಇಳಿಸಿದ. ಆಕೆ ಮೆಟ್ಟಿಲು ಹತ್ತಿ ಹೋಗುವವರೆಗೂ ನೋಡಿ, ಹತ್ತುವವರಿಗೆ ಕೈಯಾಸರೆ ಕೊಡಲು ತಿರುಗಿದ.