ಆ ದ್ವೀಪದ ಒಂದು ಹಿಡಿ ಹತ್ತಿ

ಬೇಲಿಯ ಒಳಗೆ ಆಳೆತ್ತರದ ಹತ್ತಿ ಗಿಡವೊಂದು ಕಾಯಿ ಒಡೆದು ನಿಂತಿತ್ತು. ದಾವಣಗೆರೆಯವಳಿಗೆ ಹತ್ತಿ ಗಿಡವೇನು ಹೊಸದಲ್ಲ. ಆದರೆ ನಾನಿದ್ದದ್ದು ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ. ನಿವೃತ್ತ ಶಿಕ್ಷಕಿಯರು ಹನ್ನೊಂದು ಜನ ಸೇರಿ ಹಡಗಿನ ಪ್ರವಾಸ ಹೊರಟಿದ್ದೆವು. ಬೆಳಿಗ್ಗೆ ಇಳಿಸಿ ಸಂಜೆ ಮತ್ತೆ ಹಡಗು ಹತ್ತಿಸುವ ಊರು ಅದು. ಉಳಿದವರೆಲ್ಲ ಸೀರೆ ಎತ್ತಿ ಕಟ್ಟಿ, ಬಿಸಿಲಿಗೆ ಹೊಳೆಯುವ ನೀಲಿ ನೀರಿಗಿಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಂಡಿನೋವು. ಒಂದು ಸಣ್ಣ ಅಂಗಡಿಯ ನೆರಳಿನಲ್ಲಿ ಕುಳಿತು, ಮನೆಯಿಂದ ತಂದ ಡಬ್ಬಿ ತೆಗೆದು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆ. ಅರ್ಧ ಭೂಮಿ ಸುತ್ತಿ ಬಂದು ಮಂಡಕ್ಕಿ ತಿನ್ನುವ ನನ್ನ ಬುದ್ಧಿಗೆ ನಾನೇ ಬೈದುಕೊಳ್ಳುತ್ತಿರುವಾಗ ಆ ಗಿಡ ಕಣ್ಣಿಗೆ ಬಿತ್ತು.

ಅಂಗಡಿಯಾಕೆಯನ್ನು ಕೇಳಿ ಒಂದು ಕಾಯಿ ಬಿಡಿಸಿಕೊಂಡೆ. ಒಂದು ಚಿಟಿಕೆ ಹತ್ತಿಯನ್ನು ಎರಡು ಕೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆದೆ. ತುಂಡಾದದ್ದನ್ನು ಒಂದರ ಮೇಲೊಂದು ಇಟ್ಟು ಮತ್ತೆ ಎಳೆದೆ. ಎಳೆಗಳು ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿದವು. ಬೆರಳು ಇದನ್ನು ಮರೆತಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಅಂಗಡಿಯಾಕೆ ಬೆರಗಾಗಿ, ಇದನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದಳು. ತನ್ನಜ್ಜಿಯ ಕಾಲದಲ್ಲಿ ಈ ಇಳಿಜಾರು ಪೂರ್ತಿ ಹತ್ತಿಯೇ ಇತ್ತಂತೆ, ಅಜ್ಜಿ ಹೀಗೇ ಎಳೆದು ನೋಡುತ್ತಿದ್ದಳಂತೆ. ಪಕ್ಕದ ಮನೆಯವರು ಕಲಿಸಿದರು ಎಂದೆ. ಅಷ್ಟೇ ಹೇಳಿದೆ...

ನಿಟ್ಟುವಳ್ಳಿ ಇನ್ನೂ ಬೇರೆ ಹಳ್ಳಿಯಾಗಿದ್ದ ಕಾಲ ಅದು. ದಾವಣಗೆರೆಯ ಹಳೇಪೇಟೆಯಲ್ಲಿ ನಮ್ಮ ಮನೆಯೂ ಅವರ ಮನೆಯೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಅವರನ್ನು ನಾನು ಕಾಕ ಎನ್ನುತ್ತಿದ್ದೆ. ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಹತ್ತಿರ ಹತ್ತಿಯ ಗುಣ ನೋಡುವುದು ಅವರ ಕೆಲಸ. ರೈತರು ಗಾಡಿಯಲ್ಲಿ ತಂದ ಅಂಡಿಗೆ ಚೀಲದೊಳಗೆ ಕೈ ತೂರಿಸಿ ಒಂದು ಚಿಟಿಕೆ ಕೀಳುತ್ತಿದ್ದರು, ಎಳೆದೆಳೆದು ನೇರ ಮಾಡಿ, ತಲೆಯ ಮೇಲಿನ ಕರಿ ಟೋಪಿ ತೆಗೆದು ಅದರ ಮೇಲೆ ಹಾಸುತ್ತಿದ್ದರು. ಕರಿಯ ಮೇಲೆ ಬಿಳಿ ಎಳೆಯ ಉದ್ದ ಸ್ಪಷ್ಟ ಕಾಣುತ್ತಿತ್ತು. ಆಮೇಲೆ ಅವರು ಹೇಳಿದ್ದೇ ಕೊನೆಯ ಮಾತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಹತ್ತಿ ನೋಡೋದ್ರಾಗೆ ಹೆಣ್ಣು ನೋಡೋದು ಮರೆತೆ ಎಂದು ನಗುತ್ತಿದ್ದರು.

ಮನೆ ನೋಡಿಕೊಳ್ಳುತ್ತಿದ್ದವಳು ಅವರ ತಂಗಿ. ಆಕೆಯನ್ನು ಅತ್ತೆ ಎನ್ನುತ್ತಿದ್ದೆ. ಹರಿಹರದ ಆಚೆ ಕೊಕ್ಕನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯಲ್ಲಿ ಸಗಣಿ ಬಾಚಲು ಆಕೆ ಬೇಕಾಗಿದ್ದಳು, ಊಟದ ಹೊತ್ತಿಗೆ ಬೇಡವಾಗಿದ್ದಳು. ಮೂರು ವರ್ಷ ತಾಳಿ, ಕೊನೆಗೆ ಅಣ್ಣನ ಮನೆಗೆ ಬಂದಿದ್ದಳು. "ಸತ್ರೂ ಆ ಹೊಸ್ಲು ತುಳಿಯಾಕಿ ಅಲ್ಲ ನಾನು," ಎಂದು ನನ್ನಜ್ಜಿಯ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಿಡುವಿನಲ್ಲಿ ಕೇರಿಯವರಿಗೆಲ್ಲ ದೀಪದ ಬತ್ತಿ ಹೊಸೆದುಕೊಡುತ್ತಿದ್ದಳು. ನನಗೆ ಜಡೆ ಹೆಣೆಯುತ್ತಿದ್ದವಳೂ ಆಕೆಯೇ. ಅವ್ವ ಹೆಣೆದರೆ ಮಧ್ಯಾಹ್ನಕ್ಕೆ ಬಿಚ್ಚುತ್ತಿತ್ತು, ಅತ್ತೆ ಹೆಣೆದದ್ದು ಮಾರನೆಯ ದಿನದವರೆಗೂ ಅಲುಗುತ್ತಿರಲಿಲ್ಲ.

ಒಮ್ಮೆ ಕಾಕ ಸಾಹುಕಾರರ ಜೊತೆ ಬೊಂಬಾಯಿಗೆ ಹೋಗಿದ್ದರು. ಅಲ್ಲಿ ದೊಡ್ಡ ವ್ಯಾಪಾರಿಯೊಬ್ಬ ಕಣ್ಣು ಮುಚ್ಚಿಸಿ, ಹತ್ತು ಬಗೆಯ ಹತ್ತಿ ಕೈಗೆ ಕೊಟ್ಟು ಪರೀಕ್ಷೆ ಮಾಡಿದನಂತೆ. ಒಂಬತ್ತನ್ನು ಕಾಕ ಹೆಸರು ಹಿಡಿದು ಹೇಳಿದರು. ಹತ್ತನೆಯದು ಬಂದಾಗ, ಇದು ನಮ್ಮ ಭೂಮಿಯದಲ್ಲ, ಸಮುದ್ರದ ನಡುವಿನದು ಎಂದರಂತೆ. ವ್ಯಾಪಾರಿ ಎದ್ದು ಬಂದು ಬೆನ್ನು ತಟ್ಟಿ, ಅದೇ ಹತ್ತಿಯನ್ನು ಒಂದು ಹಿಡಿ ನೀಲಿ ಕಾಗದದಲ್ಲಿ ಸುತ್ತಿ ಕೊಟ್ಟ. ಕಾಗದದ ಮೇಲೆ ಇಂಗ್ಲಿಷಿನಲ್ಲಿ ದ್ವೀಪದ ಹೆಸರಿತ್ತು. ಕಾಕನಿಗೆ ಇಂಗ್ಲಿಷ್ ಬಾರದು. ಐದನೆಯ ಇಯತ್ತೆಯ ನಾನು ಅಕ್ಷರ ಕೂಡಿಸಿ ಓದಿದೆ. ಹೇಗೆ ಓದಿದೆನೋ ದೇವರಿಗೇ ಗೊತ್ತು. ಆ ಹೆಸರು ಈಗ ನೆನಪಿಲ್ಲ, ನಾನು ಹೋದದ್ದು ಅದೇ ದ್ವೀಪಕ್ಕೋ ಅದರ ಪಕ್ಕದ್ದಕ್ಕೋ ಅದೂ ಗೊತ್ತಿಲ್ಲ...

ಪ್ರತಿ ಭಾನುವಾರ ಕಾಕ ಆ ಪೊಟ್ಟಣ ಬಿಚ್ಚುತ್ತಿದ್ದರು. ನಮ್ಮ ಜಯಧರ ಹತ್ತಿಯ ಎಳೆ ಒಂದಂಗುಲವೂ ಬರುತ್ತಿರಲಿಲ್ಲ, ಅದು ಎರಡಂಗುಲಕ್ಕೆ ಹತ್ತಿರ. ರೇಷ್ಮೆಯ ಹಾಗೆ ಜಾರುತ್ತಿತ್ತು. ನನ್ನ ಬೆರಳು ಹಿಡಿದು ಎಳೆಯುವುದನ್ನು ಕಲಿಸಿದ್ದು ಆಗಲೇ. "ಇದು ಬಿಸಿಲು ಉಂಡ ಹತ್ತಿ ಮಗ. ಅಲ್ಲಿ ಮೋಡ ಕಡಿಮೆ ಇರಬೇಕು. ಸಮುದ್ರದ ಗಾಳಿ ಯಾವಾಗ್ಲೂ ಇರಬೇಕು. ಒಂದು ಸಲ ಹೋಗಿ ನೋಡಬೇಕು," ಎನ್ನುತ್ತಿದ್ದರು. ಅತ್ತೆ ಒಳಗಿನಿಂದ, "ಯಾವಾಗ ಹೊಂಡ್ತೀಯ ಹೇಳಣ್ಣ, ರೊಟ್ಟಿ ಬುತ್ತಿ ಕಟ್ತೀನಿ," ಎಂದು ರೇಗಿಸುತ್ತಿದ್ದಳು. ಮೂವರೂ ನಗುತ್ತಿದ್ದೆವು. ಹರಿಹರ ದಾಟದ ನಾನು ಭಾನುವಾರಕ್ಕೊಮ್ಮೆ ಅವರ ಜೊತೆ ಆ ದ್ವೀಪಕ್ಕೆ ಹೋಗಿ ಬರುತ್ತಿದ್ದೆ.

ಆ ವರ್ಷ ನನಗೆ ವಿಷಮಶೀತ ಜ್ವರ ಬಂದು, ಬದುಕುವುದಿಲ್ಲ ಎನ್ನುವಷ್ಟಾಗಿತ್ತು. ಹುಷಾರಾದರೆ ಕಾರ್ತಿಕ ಸೋಮವಾರ ಹರಿಹರದ ಗುಡಿಯಲ್ಲಿ ಸಾವಿರ ಬತ್ತಿ ಹಚ್ಚುತ್ತೇನೆ ಎಂದು ಅಜ್ಜಿ ಹರಕೆ ಹೊತ್ತಿದ್ದಳು. ಅದರಲ್ಲಿ ನೂರನ್ನು ನಾನೇ ನನ್ನ ಕೈಯಾರೆ ಹೊಸೆಯಬೇಕು ಎಂಬುದೂ ಹರಕೆಯ ಭಾಗ. ನಾನು ಮೊದಲಿನಿಂದಲೂ ಮೈಗಳ್ಳಿ. ಮನೆಯ ಹತ್ತಿಯಲ್ಲಿ ಕಸ, ಎಳೆಯೂ ಗಿಡ್ಡ, ಹೊಸೆದರೆ ತುಂಡಾಗುತ್ತಿತ್ತು. ಭಾನುವಾರ ಮಧ್ಯಾಹ್ನವಾದರೂ ನಲವತ್ತು ಬಾಕಿ ಇದ್ದವು. ಕಾಕ ಪೇಟೆಗೆ ಹೋಗಿದ್ದರು, ಅತ್ತೆ ನಮ್ಮ ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಹರಿಹರಕ್ಕೆ ಒಯ್ಯುವ ಬುತ್ತಿ ಕಟ್ಟುತ್ತಿದ್ದಳು. ನಾನು ಅವರ ಮನೆಗೆ ಹೋಗಿ ಗೋಡೆಯ ಗೂಡಿನಿಂದ ಪೊಟ್ಟಣ ತೆಗೆದೆ.

ಒಂದೇ ಚಿಟಿಕೆ ಎಂದುಕೊಂಡಿದ್ದೆ. ಆದರೆ ಆ ಹತ್ತಿ ಮುಟ್ಟಿದರೆ ಸಾಕು, ತಾನೇ ಬತ್ತಿಯಾಗುತ್ತಿತ್ತು. ನಲವತ್ತೂ ಮುಗಿಯುವ ಹೊತ್ತಿಗೆ ಕಾಗದದಲ್ಲಿ ಏನೂ ಉಳಿದಿರಲಿಲ್ಲ. ಹೆದರಿ, ನಮ್ಮ ಮನೆಯ ಹತ್ತಿಯಲ್ಲೇ ಹಸನಾದದ್ದನ್ನು ಆರಿಸಿ ಅದರೊಳಗೆ ತುಂಬಿ, ಮೊದಲಿನ ಹಾಗೆ ಮಡಿಸಿ ಇಟ್ಟೆ. ಮಾರನೆಯ ದಿನ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ಮಿಂದು ದೀಪ ಹಚ್ಚಿದೆವು. ಬತ್ತಿಗಳನ್ನು ತುಪ್ಪದಲ್ಲಿ ಅದ್ದಿ ಕೊಡುತ್ತಿದ್ದವಳು ಅತ್ತೆ. ನನ್ನ ಬತ್ತಿಗಳು ಬಂದಾಗ ಒಂದನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ಅದನ್ನೂ ಅದ್ದಿ ಅಜ್ಜಿಯ ಕೈಗೆ ಕೊಟ್ಟಳು.

ವಾರ ಕಳೆದಿರಲಿಲ್ಲ, ಸಾಹುಕಾರರು ಯಾವುದೋ ದೊಡ್ಡ ಮಿಲ್ಲಿನ ಇಬ್ಬರು ಖರೀದಿದಾರರನ್ನು ಕಾಕನ ಮನೆಗೇ ಕರೆತಂದರು, ಆ ದ್ವೀಪದ ಹತ್ತಿ ತೋರಿಸಲೆಂದು. ನಾನು ಅತ್ತೆಯ ಹಿಂದೆ ಚಹಾದ ಬಸಿಗಳನ್ನು ಹಿಡಿದು ನಿಂತಿದ್ದೆ. ಕಾಕ ಜಮಖಾನದ ಮೇಲೆ ಪೊಟ್ಟಣ ಬಿಚ್ಚಿ, ಬೊಂಬಾಯಿಯ ಕಥೆ ಹೇಳುತ್ತಲೇ ಒಂದು ಚಿಟಿಕೆ ಕಿತ್ತರು. ಮಾತು ಅಲ್ಲಿಗೇ ನಿಂತಿತು. ಅವರಿನ್ನೂ ಹತ್ತಿಯನ್ನು ನೋಡಿರಲೇ ಇಲ್ಲ, ಬೆರಳಿಗೆ ತಿಳಿದುಹೋಗಿತ್ತು. ಸಾಹುಕಾರರು ಬಗ್ಗಿ ನೋಡಿ, "ಏನ್ರಿ ಇದು, ನಮ್ಮ ಜಯಧರ ಐತಲ್ರಿ," ಎಂದರು. ಬಂದವರು ನಕ್ಕರು.

"ಹೌದ್ರಿ, ಜಯಧರ," ಎಂದರು ಕಾಕ.

ಅವರೆಲ್ಲ ಹೋದ ಮೇಲೆ ತಂಗಿಯನ್ನು ಕರೆದರು. ಆ ಮನೆಯಲ್ಲಿ ಬತ್ತಿ ಹೊಸೆಯುವವಳು ಆಕೆಯೊಬ್ಬಳೇ. ದನಿ ಏರಿಸಲಿಲ್ಲ. "ತಗಂಡಿದ್ರೆ ತಗಂಡೆ ಅಂತ ಹೇಳು. ಹತ್ತಿ ಹೋದ್ರೆ ಹೋಗ್ಲಿ," ಎಂದರು. "ನಾ ಮುಟ್ಟಿಲ್ಲಣ್ಣ," ಎಂದಳು ಅತ್ತೆ. ಮೂರು ಸಲ ಕೇಳಿದರು, ಮೂರು ಸಲವೂ ಅಷ್ಟೇ ಹೇಳಿದಳು. ಬೇರೆ ಯಾರಿರಬಹುದು ಎಂದು ಒಂದು ಮಾತು ಆಡಲಿಲ್ಲ. ನಾನು ಬಾಗಿಲ ಹತ್ತಿರ ಬಸಿ ಹಿಡಿದುಕೊಂಡು ನಿಂತೇ ಇದ್ದೆ.

ಅಂದು ಸಂಜೆ ಅಳುತ್ತ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ತಲೆಯ ಮೇಲೆ ಕೈಯಿಟ್ಟು ಕೂತಳು. "ಕದ್ದ ಹತ್ತೀಲಿ ದೀಪ ಹಚ್ಚಿದ್ವಿ ಅಂದ್ರೆ ಹರಕೆ ಕೆಟ್ಟಂಗೆ. ಮತ್ತೆ ನಿನಗೇ ತಟ್ತೈತೆ. ಬಾಯಿ ಬಿಡಬ್ಯಾಡ, ಸುಮ್ಕಿರು," ಎಂದಳು. ಅಜ್ಜಿಯ ಮೇಲೆ ಹೊರಿಸಿ ಹಗುರಾಗುವುದು ಸುಲಭ. ಆಕೆಗೆ ಮೊಮ್ಮಗಳ ಜೀವದ ಭಯ. ನನಗೆ ಏಟಿನ ಭಯ ಮಾತ್ರ ಇತ್ತು, ಮಾತು ಕೇಳುವ ಒಳ್ಳೆಯ ಹುಡುಗಿಯ ಹಾಗೆ ಸುಮ್ಮನಾದೆ.

ಕಾಕ ತಂಗಿಯನ್ನು ಹೋಗು ಎನ್ನಲಿಲ್ಲ. ಆಕೆ ಬಡಿಸಿದ್ದನ್ನು ಉಣ್ಣುವುದು ಬಿಟ್ಟು ಖಾನಾವಳಿಗೆ ಹೋಗತೊಡಗಿದರು. ಹದಿನೈದು ದಿನ ಆಕೆ ಮಾಡಿದ ರೊಟ್ಟಿ ಮಾಡಿದ ಹಾಗೇ ಬುಟ್ಟಿಯಲ್ಲಿರುತ್ತಿತ್ತು. ಹದಿನಾರನೆಯ ದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಎಲ್ಲಿಗೆ ಎಂದು ಅವ್ವ ಕೇಳಿದರೆ, "ಇನ್ನೆಲ್ಲಿಗೆ ಅಕ್ಕ, ಕೊಕ್ಕನೂರಿಗೆ," ಎಂದಳು. ನನ್ನನ್ನು ಕೂರಿಸಿಕೊಂಡು ಜಡೆ ಬಿಚ್ಚಿ, ನಿಧಾನವಾಗಿ ಮತ್ತೆ ಹೆಣೆದಳು. ಈಗ ಹೇಳಬೇಕು, ಜಡೆಯ ಈ ಕಾಲು ಹೆಣೆಯುವಷ್ಟರಲ್ಲಿ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೆಣೆದು ಮುಗಿಸಿ ತಲೆ ಸವರಿ, "ಜ್ವರದಾಗ ಕೂದ್ಲೆಲ್ಲ ಹೋಗಿತ್ತು, ಈಗ ಎಷ್ಟು ಚೆನ್ನಾಗಿ ಬಂದಾವೆ ನೋಡು. ಚೆನ್ನಾಗಿರು ಮಗ," ಎಂದಳು. ಅಜ್ಜಿ ಮುಖ ಆ ಕಡೆ ತಿರುಗಿಸಿದಳು. ಅತ್ತೆಗೆ ಗೊತ್ತಿತ್ತು. ಹರಿಹರದ ಗುಡಿಯಲ್ಲಿ ಆ ಬತ್ತಿ ಮುಟ್ಟಿದಾಗಲೇ ಗೊತ್ತಾಗಿತ್ತು, ಹರಕೆ ಕೆಡದಿರಲೆಂದು ಬಾಯಿ ಬಿಟ್ಟಿರಲಿಲ್ಲ. ಇದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ನನ್ನ ಮಗಳಿಗೆ ಜ್ವರ ಬಂದು ಪಕ್ಕದಲ್ಲಿ ಕೂತಿದ್ದಾಗ.

ಕಾಕ ಆಮೇಲೆ ಯಾವ ಭಾನುವಾರವೂ ನನ್ನನ್ನು ಕರೆಯಲಿಲ್ಲ. ದ್ವೀಪದ ಮಾತೂ ನಿಂತಿತು. ನಾನು ಕಾಲೇಜು ಸೇರಿದ ವರ್ಷ ಹಾಸಿಗೆ ಹಿಡಿದರು. ನೋಡಲು ಹೋಗಿದ್ದೆ. ಹೊದ್ದ ದುಪ್ಪಟಿಯ ಅಂಚನ್ನು ಬೆರಳಲ್ಲಿ ಎಳೆಯುತ್ತ ಮಲಗಿದ್ದರು. ನನ್ನನ್ನು ಗುರುತು ಹಿಡಿದು, "ಹತ್ತಿ ಹೋಗಿದ್ದಕ್ಕಲ್ಲವ್ವ. ತಂಗಿ ನನಗೆ ಸುಳ್ಳು ಹೇಳಿದ್ಲಲ್ಲ, ಅದು..." ಎಂದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಏಟು ಕೊಡುವವರು ಯಾರೂ ಇರಲಿಲ್ಲ. ನಾನು ಲೋಟ ಎತ್ತಿ, "ನೀರು ಕುಡೀರಿ ಕಾಕ," ಎಂದೆ. ಆ ತಿಂಗಳೇ ತೀರಿಕೊಂಡರು. ಮಣ್ಣಿಗೆ ಅತ್ತೆ ಬರಲಿಲ್ಲ. ಹೇಳಿ ಕಳಿಸಿದ್ದರೋ ಇಲ್ಲವೋ ತಿಳಿಯದು.

ಸಂಜೆ ಹಡಗಿನವರು ಕರೆಯುವ ಹೊತ್ತಾಗಿತ್ತು. ಗೆಳತಿಯರು ಮೈತುಂಬ ಮರಳು ಮಾಡಿಕೊಂಡು ಬಂದರು. ನನ್ನ ಕಣ್ಣು ನೋಡಿ, ಬಿಸಿಲು ಜಾಸ್ತಿಯಾಯಿತೇನೋ ಎಂದರು. ಹೌದು ಎಂದೆ. ನೋಡಬೇಕು ಎಂದು ಆಸೆಪಟ್ಟವರು ನೋಡಲಿಲ್ಲ, ಬುತ್ತಿ ಕಟ್ಟುತ್ತೇನೆ ಎಂದವಳು ಕಟ್ಟಲಿಲ್ಲ, ಅವರಿಬ್ಬರ ಮನೆ ಮುರಿದ ನಾನು ಟಿಕೆಟ್ಟು ತೆಗೆಸಿ ಬಂದು ನೆರಳಲ್ಲಿ ಕೂತಿದ್ದೆ. ನಾಚಿಕೆಯಾಯಿತು. ಅತ್ತೆ ಕೊಕ್ಕನೂರಿನಲ್ಲಿ ಮತ್ತೆ ಮೂವತ್ತೈದು ವರ್ಷ ಬದುಕಿದ್ದಳೆಂದು, ಆಕೆ ತೀರಿಕೊಂಡ ಮೇಲೆ ಯಾರೋ ಮದುವೆ ಮನೆಯಲ್ಲಿ ಹೇಳಿದರು. ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ನಾನು ಹರಿಹರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೇಸಿಗೆ ರಜೆ ಬಂದಾಗಲೆಲ್ಲ ಈ ಸಲ ಹೋಗಿ ಬರಬೇಕು ಎಂದುಕೊಳ್ಳುತ್ತಿದ್ದೆ. ಆ ದ್ವೀಪಕ್ಕೆ ಮೂರು ವಿಮಾನ, ಒಂದು ಹಡಗು ಹತ್ತಿ ಹೋದೆ. ಕೊಕ್ಕನೂರಿನ ಬಸ್ಸು ದಿನವೂ ನಮ್ಮ ಶಾಲೆಯ ಮುಂದೆಯೇ ಹೋಗುತ್ತಿತ್ತು. ಕೈ ಮಾಡಿದ್ದರೆ ನಿಲ್ಲಿಸುತ್ತಿದ್ದರು.