ಕಾರಿನ ಹೊಟ್ಟೆಗೆ ತಂಗಳ ಪೆಟ್ರೋಲ್

ಗೆಳೆಯರೇ, ಸವಣೂರು ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸಂಜೆ ಆರರೊಳಗೆ ಧಾರವಾಡದ ಹಾಸ್ಟೆಲ್ ಸೇರದಿದ್ದರೆ ವಾರ್ಡನ್ ಗೇಟಿನಲ್ಲೇ ನಿಲ್ಲಿಸುತ್ತಾರೆ. ಐ ಆ್ಯಮ್ ವೆರಿ ನರ್ವಸ್.

ಕಾಕಾ ಕಾರಿನಲ್ಲಿ ಬಿಡುತ್ತೇನೆಂದಿದ್ದರು. ನಮ್ಮ ಕಾರು ಹೊರಡುವುದೇ ದಸರೆಗೊಮ್ಮೆ. ಟ್ಯಾಂಕಿನಲ್ಲಿ ಹೋದ ದಸರೆಯ ಪೆಟ್ರೋಲಿತ್ತು. ಕಾಕಾ ಶಿಗ್ಗಾಂವಿಯಿಂದ ಒಂದು ಡಬ್ಬಿ ಹೊಸದನ್ನೂ ತಂದಿದ್ದರು. ಯಾವುದರಲ್ಲಿ ಓಡಿಸುವುದು?

ನಾನು ಸುಮ್ಮನಿರಬೇಕಿತ್ತು. "ಹಳೇ ಪೆಟ್ರೋಲ್ ಕೆಡತದರಿ ಕಾಕಾ. ಕೆಮಿಸ್ಟ್ರಿಯೊಳಗ ಓದೇನಿ."

ಅಜ್ಜ ಜಪಮಾಲೆ ಕೆಳಗಿಟ್ಟರು. "ಅಂದ್ರ ತಂಗಳ! ಈ ಮನ್ಯಾಗ ತಂಗಳ ಯಾರ ಹೊಟ್ಟಿಗೂ ಹೋಗಂಗಿಲ್ಲ. ತಗೀರಿ ಅದನ್ನ!"

ಒಲೆಯನ್ನೇ ಹಚ್ಚಿರದ ಅಡುಗೆಮನೆಯಿಂದ ಕಾಕು ಕೂಗಿದರು: "ಎಣ್ಣ್ಯಾಗ ಕರದದ್ದಕ್ಕ ತಂಗಳ ದೋಷ ಇಲ್ಲಲ್ರಿ ಮಾವನವರ? ಪೆಟ್ರೋಲು ಪೂರಾ ಎಣ್ಣೀನ ಅದ!"

"ಕರದದ್ದು ಬ್ಯಾರೆ, ಹಸಿ ಎಣ್ಣಿ ಬ್ಯಾರೆವಾ!"

ಅರ್ಧ ತಾಸು ಶಾಸ್ತ್ರಾರ್ಥ ನಡೆಯಿತು. ಕೊನೆಗೆ ಅಜ್ಜನೂ ನಾನೂ ಗೆದ್ದೆವು. ಕಾಕಾ ಹಳೆಯದನ್ನೆಲ್ಲ ಬಸಿದು ಚೆಲ್ಲಿ, ಹೊಸ ಡಬ್ಬಿಯ ಮುಚ್ಚಳ ತೆಗೆದರು.

"ಏ, ತಡಿ ತಡಿ! ಇವತ್ತ ಏಕಾದಶಿ," ಎಂದರು ಅಜ್ಜ.

"ಕಾರಿಗ್ಯಾಕ ಏಕಾದಶಿ ಅಜ್ಜಾ?"

"ತಂಗಳ ಅಂದ ಮ್ಯಾಲೆ ಅದು ಊಟಾನ ಆತಿಲ್ಲೋ? ಕೆಡತದ ಅಂತ ನೀನ ಅಲ್ಲೇನು ಹೇಳಿದಾಂವ? ನಾಳೆ ಹಾಕೂಣು."

ಬಸ್ಸಿನ ಸುಳಿವಿಲ್ಲ. ಕಾರಿಗಾದರೆ ನಾಳೆ ಬೆಳಿಗ್ಗೆ ಪಾರಣೆ ಇದೆ. ನನಗೆ ಇವತ್ತು ಸಂಜೆಯೇ ವಾರ್ಡನ್ನರ ಮಂಗಳಾರತಿ.